ಹನ್ನೆರಡು ವೋಲ್ಟು ಇಪ್ಪತ್ತನಾಲ್ಕಾಗುವಾಗ ಸೋರುವುದೆಷ್ಟು?

ಹೊಸಂಗಡಿಯ ಗುಡ್ಡದ ಹೊಟ್ಟೆಯೊಳಗೆ ವಾರಾಹಿ ವಿದ್ಯುದಾಗಾರವಿದೆ. 1989ರಲ್ಲಿ ಆರಂಭವಾಗಿ, 2009ರಲ್ಲಿ ಇನ್ನೆರಡು ಯಂತ್ರಗಳು ಸೇರಿದ ಮೇಲೆ ಅದರ ಸಾಮರ್ಥ್ಯ 460 ಮೆಗಾವಾಟ್. ಅದೇ ಕುಂದಾಪುರ ತಾಲೂಕಿನ ಕಾಡಂಚಿನ ಮನೆಗಳಲ್ಲಿ, ಜೂನ್ ತಿಂಗಳ ಒಂದು ಗಾಳಿಗೆ ಮರ ತಂತಿಯ ಮೇಲೆ ಒರಗಿತೆಂದರೆ ಕತ್ತಲೆ. "ಕರೆಂಟ್ ಇತ್ತಾ ಮಾರಾಯ್ರೆ?" ಎನ್ನುವುದು ಮಳೆಗಾಲದಲ್ಲಿ ಇಲ್ಲಿನ ಕ್ಷೇಮಸಮಾಚಾರದ ಮೊದಲ ಪ್ರಶ್ನೆ.

ಹೀಗಾಗಿ ಬೈಂದೂರಿನಿಂದ ಬ್ರಹ್ಮಾವರದ ತನಕ ಬ್ಯಾಟರಿ ಇಲ್ಲದ ಮನೆ ಕಡಿಮೆ. ಕೋಟದ ಬಳಿಯ ಹಂದಟ್ಟು ಮೂಲದ ಹರೀಶ ಹಂದೆಯವರು 1995ರಲ್ಲಿ ಸೆಲ್ಕೊ ಕಟ್ಟಿ, ಸೌರದೀಪವನ್ನು ಬ್ಯಾಂಕ್ ಸಾಲದಲ್ಲಿ ಬಡವರ ಮನೆಗೂ ಮುಟ್ಟಿಸಿದ್ದು, ಅದಕ್ಕಾಗಿ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. 2010ರ ದಶಕದಲ್ಲಿ ಎ.ಜಿ. ಕೊಡ್ಗಿಯವರ ಮುಂದಾಳುತನದಲ್ಲಿ ಅಮಾಸೆಬೈಲು ಸೋಲಾರ್ ಗ್ರಾಮವಾದದ್ದೂ ಸುದ್ದಿಯಾಯಿತು. ಸುದ್ದಿಯಾಗದೆ ಉಳಿದದ್ದು ಬ್ಯಾಟರಿಗೂ ಉಪಕರಣಕ್ಕೂ ನಡುವೆ ಕುಳಿತ ಪುಟ್ಟ ಪೆಟ್ಟಿಗೆ. ಸೌರಫಲಕ ಹಾಳಾಗುವುದು ಅಪರೂಪ, ಬ್ಯಾಟರಿ ಹಾಳಾಗುವುದು ನಿರೀಕ್ಷಿತ. ಹೇಳದೆ ಕೇಳದೆ ಕೈಕೊಡುವುದು ಈ ಪೆಟ್ಟಿಗೆ.

ದೀಪವೇನೋ 12 ವೋಲ್ಟಿನಲ್ಲೇ ಉರಿಯುತ್ತದೆ. ಮನೆಯವರು ಒಂದು ಡಿ.ಸಿ. ಮೋಟಾರಿನ ಯಂತ್ರ ಇಡಹೊರಟರೆ ಅದಕ್ಕೆ 24 ವೋಲ್ಟು ಬೇಕೆನ್ನುತ್ತದೆ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರಾದರೆ ಎರಡು ಬ್ಯಾಟರಿ ತಂದು ಸರಣಿಯಲ್ಲಿ ಜೋಡಿಸಿಬಿಡಿ. ಇಲ್ಲದ ಪೆಟ್ಟಿಗೆಯಲ್ಲಿ ನಷ್ಟವೂ ಇಲ್ಲ. ಆದರೆ ಇರುವುದು ಒಂದೇ ಬ್ಯಾಟರಿ, ಮನೆಯ ದೀಪಗಳೆಲ್ಲ ಅದರ ಮೇಲೆಯೇ ಎಂದಾಗ ವೋಲ್ಟೇಜು ಏರಿಸುವ ಬೂಸ್ಟ್ ಕನ್ವರ್ಟರ್ ಬೇಕಾಗುತ್ತದೆ.

ಇದರ ಗುಟ್ಟು ಘಟ್ಟದ ಬುಡದ ತೋಟದವರಿಗೆ ಸುಲಭವಾಗಿ ತಿಳಿಯುವಂಥದು. ಕರೆಂಟೂ ಇಲ್ಲದೆ ಡೀಸೆಲ್ಲೂ ಇಲ್ಲದೆ ತೊರೆಯ ನೀರನ್ನು ಮೇಲಕ್ಕೆ ದೂಡುವ ಹೈಡ್ರಾಲಿಕ್ ರ‍್ಯಾಮ್ ಪಂಪನ್ನು ಕೆಲವರಾದರೂ ಕಂಡಿರಬಹುದು. ಬಲೂನು ಹಾರಿಸಿ ಹೆಸರಾದ ಫ್ರಾನ್ಸಿನ ಮೋಂಗೋಲ್ಫಿಯೆ 1796ರಲ್ಲಿ ರೂಪಿಸಿದ ಯಂತ್ರ ಅದು. ಉದ್ದನೆಯ ಕೊಳವೆಯಲ್ಲಿ ನೀರು ರಭಸವಾಗಿ ಹರಿಯುತ್ತಿರುವಾಗ ಕವಾಟವೊಂದು ಪಟಕ್ಕನೆ ಮುಚ್ಚುತ್ತದೆ. ಓಡುವ ನೀರು ಒಮ್ಮೆಲೇ ನಿಲ್ಲಲೊಲ್ಲದು. ಒತ್ತಡ ಏರಿ, ಇನ್ನೊಂದು ಕವಾಟವನ್ನು ತಳ್ಳಿಕೊಂಡು ಸ್ವಲ್ಪ ನೀರು ಮೇಲಿನ ತೊಟ್ಟಿಗೆ ನುಗ್ಗುತ್ತದೆ. ಮತ್ತೆ ಮೊದಲಿನಿಂದ.

ಬೂಸ್ಟ್ ಕನ್ವರ್ಟರಿನಲ್ಲಿ ಆ ಉದ್ದನೆಯ ಕೊಳವೆಯೆಂದರೆ ತಾಮ್ರದ ಸುರುಳಿ, ಅರ್ಥಾತ್ ಇಂಡಕ್ಟರ್. ಪಟಕ್ಕನೆ ಮುಚ್ಚುವ ಕವಾಟ ಮಾಸ್‌ಫೆಟ್ ಎಂಬ ಸ್ವಿಚ್ಚು. ಮೇಲಿನ ತೊಟ್ಟಿ ಕೆಪಾಸಿಟರ್. ಒಮ್ಮುಖ ಕವಾಟ ಡಯೋಡು. ರ‍್ಯಾಮ್ ಪಂಪು ನಿಮಿಷಕ್ಕೆ ಕೆಲವು ಹತ್ತು ಸಲ ಬಡಿದರೆ ಇದು ಸೆಕೆಂಡಿಗೆ ಲಕ್ಷ ಸಲ ಬಡಿಯುತ್ತದೆ, ಅಷ್ಟೇ.

ತೊಡಕಿರುವುದು ಆ ಡಯೋಡಿನಲ್ಲಿ. ಒಮ್ಮುಖ ಕವಾಟದ ಬಾಗಿಲು ಬಿಗಿಯಾದ ಸ್ಪ್ರಿಂಗಿನದಾದರೆ ಅದನ್ನು ತಳ್ಳುವುದಕ್ಕೇ ಒಂದಿಷ್ಟು ಬಲ ವ್ಯರ್ಥವಲ್ಲವೇ? ಒಳ್ಳೆಯ ಶಾಟ್ಕಿ ಡಯೋಡೂ ಅರ್ಧ ವೋಲ್ಟಿಗೂ ತುಸು ಹೆಚ್ಚು ಸುಂಕ ಕೇಳುತ್ತದೆ. 24 ವೋಲ್ಟಿನಲ್ಲಿ 20 ಆಂಪಿಯರ್, ಅಂದರೆ 480 ವಾಟ್ ಬೇಕು ಎನ್ನಿ. ಸುಂಕ 0.6 ವೋಲ್ಟ್ ಎಂದು ಹಿಡಿದರೆ ಡಯೋಡಿನಲ್ಲೇ 12 ವಾಟ್ ಬಿಸಿಯಾಗಿ ಹೋಯಿತು. ಒಂದು ಕೋಣೆ ಬೆಳಗುವ ಎಲ್.ಇ.ಡಿ. ದೀಪಕ್ಕೆ ಅಷ್ಟು ಸಾಕು.

ಡಯೋಡಿನ ಜಾಗದಲ್ಲಿ ಇನ್ನೊಂದು ಮಾಸ್‌ಫೆಟ್ ಇಟ್ಟು, ಸರಿಯಾದ ಗಳಿಗೆಗೆ ತೆರೆದು ಮುಚ್ಚುವುದೇ ಸಿಂಕ್ರೊನಸ್ ರೆಕ್ಟಿಫಿಕೇಶನ್. ಬಾಗಿಲು ತಳ್ಳಿಕೊಂಡು ಹೋಗುವ ಬದಲು ಬಾಗಿಲಲ್ಲಿ ಒಬ್ಬ ಆಳನ್ನು ನಿಲ್ಲಿಸಿದಂತೆ. ಬ್ಯಾಟರಿಯಿಂದ ಬರುವ ಪ್ರವಾಹ ಸುಮಾರು 42 ಆಂಪಿಯರ್. ಅರ್ಧ ಹೊತ್ತು ಮಾತ್ರ ಈ ಮೇಲಿನ ಸ್ವಿಚ್ಚಿನಲ್ಲಿ ಹರಿಯುತ್ತದೆ. ಬಿಸಿಯಾದಾಗ ಅದರ ತಡೆ 4 ಮಿಲಿಓಮ್ ಇದ್ದರೆ ನಷ್ಟ ಮೂರೂವರೆ ವಾಟ್. ಹನ್ನೆರಡರಿಂದ ಮೂರೂವರೆಗೆ ಇಳಿಯಿತು.

ಇಷ್ಟು ಒಳ್ಳೆಯದಾದರೆ ಹಿಂದಿನವರೇಕೆ ಮಾಡಲಿಲ್ಲ? ಇನ್ವರ್ಟರ್ ರಿಪೇರಿಯವರಿಗೆಲ್ಲ ಚಿರಪರಿಚಿತವಾದ ಐ.ಆರ್.ಎಫ್.ಜೆಡ್. 44 ಎಂಬ ಮಾಸ್‌ಫೆಟ್‌ನ ತಡೆ 28 ಮಿಲಿಓಮ್. ಅದೇ ಲೆಕ್ಕದಲ್ಲಿ ಅದು ಸುಡುವುದು 25 ವಾಟ್ ಹತ್ತಿರ, ಡಯೋಡಿನ ಇಮ್ಮಡಿ! ಆಗ ಡಯೋಡೇ ಜಾಣತನ. ಒಂದೆರಡು ಮಿಲಿಓಮಿನ ಮಾಸ್‌ಫೆಟ್‌ಗಳು ಸಾಮಾನ್ಯವಾದ ಮೇಲೆ ಲೆಕ್ಕ ತಿರುಗಿತು.

ಆದರೆ ಆಳು ಎಚ್ಚರ ತಪ್ಪಬಾರದು. ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟುಗಳನ್ನು ನೆನೆಯಿರಿ. ಹಲಗೆ ಹಾಕುವುದು ತಡವಾದರೆ ಸಮುದ್ರದ ಉಪ್ಪುನೀರು ಗದ್ದೆಯ ಬದಿಗೆ ಏರಿಬರುತ್ತದೆ. ಇಲ್ಲಿಯೂ ಹಾಗೆಯೇ. ಭಾರ ಕಡಿಮೆ ಇದ್ದಾಗ ಸುರುಳಿಯ ಪ್ರವಾಹ ಸೊನ್ನೆಗಿಳಿದು, ಮೇಲಿನ ಸ್ವಿಚ್ಚು ತೆರೆದೇ ಇದ್ದರೆ ಕೆಪಾಸಿಟರಿನ ವಿದ್ಯುತ್ತು ಬ್ಯಾಟರಿಯ ಕಡೆಗೆ ಹಿಮ್ಮುಖ ಹರಿಯುತ್ತದೆ. ಹೋಗುತ್ತ ಬರುತ್ತ ಎರಡು ಸಲ ಸುಂಕ. ಪ್ರವಾಹ ಸೊನ್ನೆಯಾದೊಡನೆ ಸ್ವಿಚ್ಚು ಮುಚ್ಚುವ ನಿಯಂತ್ರಕ ಚಿಪ್ಪನ್ನೇ ಆರಿಸಬೇಕು. ಇನ್ನು ಎರಡೂ ಸ್ವಿಚ್ಚು ಒಮ್ಮೆಲೇ ತೆರೆದವೋ, ತೊಟ್ಟಿಯ ವಿದ್ಯುತ್ತೆಲ್ಲ ನೇರ ನೆಲಕ್ಕೆ; 'ಚಟ್' ಎಂಬ ಸದ್ದು ಕೇಳುವುದರೊಳಗೆ ಎರಡೂ ಸತ್ತಿರುತ್ತವೆ. ಅದಕ್ಕೇ ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ ಸೆಕೆಂಡಿನ ಕೋಟಿ ಭಾಗದಲ್ಲಿ ಕೆಲವು ಭಾಗದಷ್ಟು ಬಿಡುವು ಇಡುತ್ತಾರೆ.

ಹಲವರು ಮರೆಯುವ ಸಂಗತಿ ಇನ್ನೊಂದಿದೆ. ಮಾಸ್‌ಫೆಟ್‌ನ ಒಡಲಲ್ಲೇ ಒಂದು ಡಯೋಡು ಅಡಗಿದೆ. ಹಾಗಾಗಿ ನಿಯಂತ್ರಕವನ್ನು ಪೂರ್ತಿ ಆಫ್ ಮಾಡಿದರೂ ಬ್ಯಾಟರಿಯಿಂದ ಹೊರದಾರಿಗೆ ಹಾದಿ ತೆರೆದೇ ಇರುತ್ತದೆ. ಹೊರಗೆ ಶಾರ್ಟ್ ಆದರೆ ತಡೆಯುವವರಿಲ್ಲ. ಬ್ಯಾಟರಿಯ ಕಂಬಕ್ಕೆ ಅಂಟಿದಂತೆ 60 ಆಂಪಿಯರಿನ ಫ್ಯೂಸ್ ಇಲ್ಲದೆ ಇಂಥ ಪೆಟ್ಟಿಗೆ ಮನೆಯೊಳಗೆ ಬರಬಾರದು.

ಸುರುಳಿಯ ಮಾತು. ಲಕ್ಷ ಬಡಿತಕ್ಕೆ 5 ಮೈಕ್ರೊಹೆನ್ರಿ ಸಾಕು. ಪ್ರವಾಹ 12 ಆಂಪಿಯರಿನಷ್ಟು ಏರಿಳಿಯುತ್ತ 48ರ ತನಕ ಮುಟ್ಟುತ್ತದೆ. ಆ 48ಕ್ಕೂ ಸೋಲದ ತಿರುಳು ಬೇಕು, ಸೋತ ತಿರುಳೆಂದರೆ ಬರೀ ತಂತಿ. ಒಂದು ದೊಡ್ಡ ಸುರುಳಿಗಿಂತ ಎರಡು ಚಿಕ್ಕವನ್ನು ಸರದಿಯಲ್ಲಿ ಬಡಿಸುವುದು ನನಗೆ ಮೆಚ್ಚಿಗೆ. ಅವಲಕ್ಕಿ ಕುಟ್ಟುವ ಇಬ್ಬರ ಒನಕೆಯಂತೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ವೋಲ್ಟೇಜು ಸರಿಯಾಗಿ ಇಮ್ಮಡಿಯಾಗುವ ನಮ್ಮ ಪ್ರಸಂಗದಲ್ಲಂತೂ ಬ್ಯಾಟರಿಯ ಕಡೆಯ ಏರಿಳಿತ ಪರಸ್ಪರ ಹೊಡೆದುಹೋಗುತ್ತದೆ.

ಇಷ್ಟೆಲ್ಲ ಪಾಡಿನ ಫಲವೇನು? 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ಬಳಸಿದರೆ 900 ವಾಟ್-ಗಂಟೆ. ನೂರಕ್ಕೆ 85 ದಕ್ಷತೆಯ ಒರಟು ಸರ್ಕ್ಯೂಟಿನಲ್ಲಿ ಮೋಟಾರು 96 ನಿಮಿಷ ಓಡೀತು. 96ರ ದಕ್ಷತೆಯದರಲ್ಲಿ 108 ನಿಮಿಷ. ಇಷ್ಟು ಜೋರಾಗಿ ಎಳೆದರೆ ಸೀಸದ ಬ್ಯಾಟರಿ ಕಾಗದದ ಲೆಕ್ಕಕ್ಕಿಂತ ಕಡಿಮೆಯೇ ಕೊಡುತ್ತದೆ, ಅದು ಬೇರೆ. ಹನ್ನೆರಡು ನಿಮಿಷಕ್ಕೆ ಇಷ್ಟು ಗೋಳೇ ಎಂದು ಕೇಳುವವರಿದ್ದಾರೆ.

ಬೆಂಗಳೂರಿನಲ್ಲಾದರೆ ಆ ಪ್ರಶ್ನೆ ಸರಿ. ಅಲ್ಲಿ ಪೆಟ್ಟಿಗೆಗೆ ತೂತು ಕೊರೆದು ಫ್ಯಾನು ಹಾಕಿದರಾಯಿತು. ಗಂಗೊಳ್ಳಿ, ಉಪ್ಪುಂದ, ಕೋಡಿಯ ಉಪ್ಪುಗಾಳಿಯಲ್ಲಿ ತೂತು ಕೊರೆದರೆ ಎರಡು ಮಳೆಗಾಲದಲ್ಲಿ ತಾಮ್ರವೆಲ್ಲ ಹಸಿರು. ಘಟ್ಟದ ಬುಡದಲ್ಲಿ ಇರುವೆ, ಹಲ್ಲಿಗಳ ಸಂಸಾರ. ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಲೇಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ 85 ವಾಟ್ ಬಿಸಿ ಇರುವುದಕ್ಕೂ 20 ವಾಟ್ ಇರುವುದಕ್ಕೂ ಅಜಗಜಾಂತರ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಸುಮಾರಾಗಿ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ. ಸಿಂಕ್ರೊನಸ್ ಜೋಡಣೆಯಿಂದ ಈ ಕರಾವಳಿಗೆ ಆಗುವ ನಿಜವಾದ ಲಾಭ ನಿಮಿಷದ್ದಲ್ಲ, ಫ್ಯಾನಿಲ್ಲದೆ ಬಾಳುವ ಪೆಟ್ಟಿಗೆಯದು. ಮೂಡ್ಲಕಟ್ಟೆಯ ಇಂಜಿನಿಯರಿಂಗ್ ಕಾಲೇಜಿನಂಥಲ್ಲಿ ಕೊನೆಯ ವರ್ಷದ ಹುಡುಗರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುತ್ತಾರಲ್ಲ, ಇದನ್ನು ಮಾಡಿ ಒಂದು ಮಳೆಗಾಲ ಕಡಲ ದಂಡೆಯ ಮನೆಯಲ್ಲಿ ಇಟ್ಟು ನೋಡಬಹುದು.

ಮಾಡಿದವರು ತಂತಿಯಲ್ಲಿ ಮಾತ್ರ ಕೈಬಿಗಿ ಹಿಡಿಯಬಾರದು. ಬ್ಯಾಟರಿ ಜಗಲಿಯಲ್ಲಿ, ಪೆಟ್ಟಿಗೆ ಎರಡು ಮೀಟರು ಆಚೆ ಚಾವಡಿಯಲ್ಲಿ ಎನ್ನಿ. 10 ಚದರ ಮಿಲಿಮೀಟರಿನ ದಪ್ಪ ತಾಮ್ರದ ತಂತಿಯೇ ಆದರೂ ಹೋಗಿ ಬರುವ ನಾಲ್ಕು ಮೀಟರಿನಲ್ಲಿ 42 ಆಂಪಿಯರಿಗೆ 12 ವಾಟ್ ಸುಟ್ಟುಹೋಗುತ್ತದೆ. ಡಯೋಡು ತೆಗೆದು ಉಳಿಸಿದ್ದಕ್ಕಿಂತ ಹೆಚ್ಚು! ಪೆಟ್ಟಿಗೆ ಬ್ಯಾಟರಿಯ ಮಗ್ಗುಲಲ್ಲೇ ಇರಲಿ, ಉದ್ದ ತಂತಿ 24 ವೋಲ್ಟಿನ ಬದಿಗೆ ಇರಲಿ. ಅಲ್ಲಿ ಪ್ರವಾಹ ಅರ್ಧ, ನಷ್ಟ ಕಾಲು ಭಾಗ. ಬ್ಯಾಟರಿಯ ಕಂಬದ ಮೇಲೆ ಬೂದು ಹುಡಿ ಕೂತು 5 ಮಿಲಿಓಮ್ ತಡೆ ಬಂದರೂ 9 ವಾಟ್ ಹೋಯಿತೆಂದೇ ಲೆಕ್ಕ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ, ಮೊದಲು ಫ್ಯೂಸ್ ಕಳಚಿ, ಉಪ್ಪುಕಾಗದದಲ್ಲಿ ಉಜ್ಜಿ, ನಟ್ಟು ಬಿಗಿದು, ಮೇಲೆ ವ್ಯಾಸಲೀನ್ ಸವರಿ.