ಹಂಸತೂಲಿಕೆಯ ಹೊದಿಕೆ

ಅಜ್ಜಿಯ ಕಥೆಯ ರಾಜಕುಮಾರಿ ಹಂಸತೂಲಿಕಾತಲ್ಪದ ಮೇಲೆ ಪವಡಿಸುತ್ತಿದ್ದಳು. ಕಥೆ ಕೇಳುತ್ತಿದ್ದ ಮಕ್ಕಳಿಗೆ ಚಾಪೆಯೂ ಕಂಬಳಿಯೂ ಸಾಕಾಗಿದ್ದವು. ಶೀತದೇಶಗಳಲ್ಲಾದರೋ ಹಕ್ಕಿಯ ತುಪ್ಪುಳು ಅರಮನೆಯ ವೈಭವವಲ್ಲ. ಹಂಸದ ಬದಲು ಬಾತು, ಹೆಬ್ಬಾತುಗಳ ತುಪ್ಪುಳನ್ನು ತುಂಬಿದ ರಜಾಯಿ ಅಲ್ಲಿ ಸಾಧಾರಣ ಸಂಸಾರದ ಮಂಚದ ಮೇಲೂ ಇರುತ್ತದೆ. ಮಗಳ ಬಾಣಂತನಕ್ಕೆಂದು ಕೆನಡಾಕ್ಕೋ ಜರ್ಮನಿಗೋ ಹೊರಡುವ ನಮ್ಮ ತಾಯಂದಿರಿಗೂ ಇಂದು ಅದರ ಪರಿಚಯ ಅವಶ್ಯಕವಾಗಿದೆ.

ಅಂಗಡಿಯಲ್ಲಿ ಹೊದಿಕೆಯನ್ನು ಕೈಯಲ್ಲಿ ತೂಗಿ ನೋಡುವುದು ಸಹಜ. ಭಾರವಾದ ಕಂಬಳಿ ಬೆಚ್ಚಗಿರುತ್ತದೆ ಎಂಬುದು ನಮ್ಮ ಅನುಭವವಷ್ಟೆ. ತುಪ್ಪುಳಿನ ವಿಷಯದಲ್ಲಿ ಈ ಪರೀಕ್ಷೆ ಸಾಲದು. ಚಳಿಯನ್ನು ತಡೆಯುವುದು ಮುಖ್ಯವಾಗಿ ಅದರ ಎಳೆಗಳ ನಡುವೆ ಅಲುಗದೆ ನಿಂತ ಗಾಳಿ. ಆದುದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಉಬ್ಬುವುದೇ ಉತ್ತಮ ತುಪ್ಪುಳು.

ಈ ಉಬ್ಬುವ ಗುಣವನ್ನು ‘ಫಿಲ್ ಪವರ್’ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂ ತುಪ್ಪುಳು ಎಷ್ಟು ಘನ ಅಂಗುಲದ ಸ್ಥಳವನ್ನು ತುಂಬುತ್ತದೆಯೆಂಬುದೇ ಆ ಸಂಖ್ಯೆ. 600ರ ಆಸುಪಾಸಿನದು ಮನೆಬಳಕೆಗೆ ಒಳ್ಳೆಯದು. 800 ಉತ್ಕೃಷ್ಟ, ಬೆಲೆಯೂ ಅದಕ್ಕೆ ತಕ್ಕಂತೆ. ಜೊತೆಗೆ ಒಳಗೆ ತುಂಬಿದ ತುಪ್ಪುಳಿನ ತೂಕವನ್ನೂ ಚೀಟಿಯಲ್ಲಿ ಓದಬೇಕು. ಒಂದೇ ಸಂಖ್ಯೆಯ, ಒಂದೇ ಅಳತೆಯ ಎರಡು ರಜಾಯಿಗಳಲ್ಲಿ ಹೆಚ್ಚು ತುಂಬಿದುದೇ ಹೆಚ್ಚು ಬೆಚ್ಚಗಿನದು.

ತುಪ್ಪುಳು ಬೇರೆ, ಗರಿ ಬೇರೆ. ಹೊರಗರಿಗಳ ಅಡಿಯಲ್ಲಿ ಬೆಳೆಯುವ ತುಪ್ಪುಳಿಗೆ ಗಟ್ಟಿಯಾದ ದಂಟಿಲ್ಲ, ಗರಿಗೆ ಉಂಟು. ಅಗ್ಗದ ರಜಾಯಿಗಳಲ್ಲಿ ಗರಿಯ ಪಾಲು ಹೆಚ್ಚಾಗಿದ್ದು, ದಂಟು ಬಟ್ಟೆಯನ್ನು ತೂರಿ ಮೈಗೆ ಚುಚ್ಚುವುದುಂಟು. ಆದುದರಿಂದ ಹೊರಬಟ್ಟೆ ಒತ್ತಾಗಿ ನೇಯ್ದ ಹತ್ತಿಯದಾಗಿರಲಿ.

ಹೊಲಿಗೆಯನ್ನೂ ಗಮನಿಸಬೇಕು. ಎರಡು ಪದರಗಳನ್ನು ನೇರವಾಗಿ ಸೇರಿಸಿ ಹೊಲಿದರೆ ಹೊಲಿಗೆಯ ಸಾಲಿನಲ್ಲಿ ತುಪ್ಪುಳಿರದೆ ಚಳಿ ನುಸುಳುತ್ತದೆ. ನಡುವೆ ಬಟ್ಟೆಯ ಪಟ್ಟಿಗಳನ್ನು ಗೋಡೆಗಳಂತೆ ನಿಲ್ಲಿಸಿ ಚೌಕದ ಮನೆಗಳನ್ನು ರಚಿಸಿರುವುದೇ ಕಡುಚಳಿಗೆ ಯೋಗ್ಯ. ಒದ್ದೆಯಾದ ತುಪ್ಪುಳು ಮುದ್ದೆಗಟ್ಟಿ ಶಾಖವನ್ನು ಹಿಡಿದಿಡದು. ಗವಸು ತೊಡಿಸಿ ಬಳಸುವುದು, ಒಗೆದರೆ ಒಳಗಿನವರೆಗೂ ಒಣಗಿಸುವುದು ಅಗತ್ಯ.

ಈ ತುಪ್ಪುಳು ಬರುವುದೆಲ್ಲಿಂದ? ಐಸ್‌ಲೆಂಡಿನ ಕರಾವಳಿಯಲ್ಲಿ ಐಡರ್ ಎಂಬ ಬಾತು ತನ್ನ ಎದೆಯ ತುಪ್ಪುಳಿನಿಂದಲೇ ಗೂಡಿಗೆ ಹಾಸುತ್ತದೆ. ರೈತರು ಆ ಗೂಡುಗಳನ್ನು ನರಿಗಳಿಂದ ಕಾಯ್ದು, ತುಪ್ಪುಳನ್ನು ಕೈಯಿಂದ ಆಯ್ದುಕೊಳ್ಳುತ್ತಾರೆ. ಒಂದು ಕಿಲೋಗ್ರಾಂ ಕೂಡಿಸಲು ಸುಮಾರು 60 ಗೂಡುಗಳು ಬೇಕು. ಅದರ ದುಬಾರಿ ಬೆಲೆಗೆ ಇದೂ ಒಂದು ಕಾರಣ. ಉಳಿದಂತೆ ಮಾರುಕಟ್ಟೆಯ ತುಪ್ಪುಳು ಬಹುಮಟ್ಟಿಗೆ ಮಾಂಸಕ್ಕಾಗಿ ಸಾಕಿದ ಹಕ್ಕಿಗಳದು. ಜೀವಂತ ಹಕ್ಕಿಯ ಮೈಯಿಂದ ಕಿತ್ತುದೂ ಅದರಲ್ಲಿ ಬೆರೆಯುವುದುಂಟು. ಈ ಕ್ರೌರ್ಯವನ್ನು ಒಪ್ಪದ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಎಂಬ ಪ್ರಮಾಣಪತ್ರ 2014ರಲ್ಲಿ ಆರಂಭವಾಯಿತು. ಕೊಳ್ಳುವ ಮುನ್ನ ಅಂಥ ಪ್ರಮಾಣವನ್ನು ಕೇಳಬೇಕು. ಆದರೂ ಅದು ಮಾಂಸಕ್ಕಾಗಿ ಸಾಕಿದ ಹಕ್ಕಿಯದಾಗಿರಬಹುದು. ಮನಸ್ಸು ಅದನ್ನೂ ಒಪ್ಪದಿದ್ದರೆ ಪಾಲಿಯೆಸ್ಟರ್ ನಾರಿನ ರಜಾಯಿಯುಂಟು. ತುಸು ಭಾರವಾದರೂ ಒಗೆಯಲು ಸುಲಭ, ಬೆಲೆಯೂ ಕಡಿಮೆ.

ಬಾಣಂತಿಯ ಮನೆಯಲ್ಲಿ ಮತ್ತೊಂದು ಎಚ್ಚರ ಬೇಕು. ಒಂದು ವರ್ಷದೊಳಗಿನ ಕೂಸಿನ ತೊಟ್ಟಿಲಿನಲ್ಲಿ ಇಂಥ ಮೆತ್ತನೆಯ ಹೊದಿಕೆ ಕೂಡದು. ಮುಖವನ್ನು ಮುಚ್ಚಿದರೆ ಎಳೆಯ ಕೈಗಳು ಅದನ್ನು ಸರಿಸಲಾರವು, ಉಸಿರೇ ಕಟ್ಟಬಹುದು. ಕೂಸಿಗೆ ಮೈಗೆ ಒಪ್ಪುವ ಬೆಚ್ಚನೆಯ ಅಂಗಿಯೇ ಕ್ಷೇಮ.

ಇನ್ನು ಊರಿಗೆ ಮರಳುವಾಗ ಆ ರಜಾಯಿಯನ್ನು ಹೊತ್ತು ತರುವ ಆಸೆ ಮೂಡಬಹುದು. ಕೊರೆಯುವ ಚಳಿಗೆಂದು ಹೊಲಿದ ಹೊದಿಕೆಯೊಳಗೆ ಬೆಂಗಳೂರಿನ ಮಾಗಿಯ ರಾತ್ರಿಯಲ್ಲಿ ಬೆವರುವುದೇ ಹೆಚ್ಚು. ಇಲ್ಲಿಗೆ ಹತ್ತಿಯ ರಜಾಯಿಯೋ ಹಳೆಯ ಕಂಬಳಿಯೋ ಧಾರಾಳವಾಗಿ ಸಾಕು. ಹಂಸತೂಲಿಕೆಯನ್ನು ಮಗಳ ಮನೆಯಲ್ಲಿಯೇ ಬಿಟ್ಟುಬರುವುದು ಲೇಸು.