ಬನ್ನಿಮಂಟಪದ ಗುಟ್ಟಿನ ಮಸಿ

ಮತಗಟ್ಟೆಯ ಮೇಜಿನ ಮೇಲೆ ಮರಳು ತುಂಬಿದ ಒಂದು ಲೋಟ. ಅದರಲ್ಲಿ ಮುಕ್ಕಾಲು ಪಾಲು ಹೂತಿಟ್ಟ ಪುಟ್ಟ ಬಾಟಲಿ. ಕೈತಾಗಿ ಉರುಳದಿರಲೆಂದು ಈ ಉಪಾಯ. ಸಿಬ್ಬಂದಿ ಕಡ್ಡಿ ಅದ್ದಿ ಎಡಗೈ ತೋರುಬೆರಳಿನ ಉಗುರಿನಿಂದ ಚರ್ಮಕ್ಕಿಳಿಯುವಂತೆ ಗೆರೆ ಎಳೆಯುತ್ತಾರೆ. ಹಚ್ಚಿದಾಗ ನೇರಳೆ, ಬಿಸಿಲು ಕಂಡ ಮೇಲೆ ಕಪ್ಪು. ಬೆರಳೆತ್ತಿ ಸೆಲ್ಫಿ ತೆಗೆದುಕೊಳ್ಳುವವರಿಗೆ ಮಸಿ ಮಾಡಿದವರ ನೆನಪು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ ಬಿಡಿ.

ಮಸಿ ಬರುವುದು ಮೈಸೂರಿನ ಬನ್ನಿಮಂಟಪದಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿ, 1947ರಲ್ಲಿ ಸರ್ಕಾರದ ಕೈಸೇರಿ, 1989ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್’ ಎಂಬ ಹೆಸರು ಪಡೆದ ಸಂಸ್ಥೆ. ಮೊದಲ ಮಹಾಚುನಾವಣೆಯ ಮತಪೆಟ್ಟಿಗೆಗಳಿಗೆ ಮುದ್ರೆ ಒತ್ತಿದ ಅರಗೂ ಇಲ್ಲಿಂದಲೇ ಹೋಗಿತ್ತು. ಮಸಿಯ ಒಪ್ಪಂದ 1962ರದು: ಒಂದು ಕಡೆ ಚುನಾವಣಾ ಆಯೋಗ ಮತ್ತು ಕಾನೂನು ಸಚಿವಾಲಯ, ಇನ್ನೊಂದು ಕಡೆ ಸೂತ್ರ ಕೊಟ್ಟ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ನಡುವೆ ಮೈಸೂರು.

ಆರು ದಶಕ ದಾಟಿದರೂ ಈ ನಂಟು ಕಡಿದಿಲ್ಲ. ಪೈಪೋಟಿಯೇ ಇಲ್ಲದ ಕಡೆ ಅದೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಆದರೆ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳು ಇಲ್ಲಿಂದ ಮಸಿ ತರಿಸಿಕೊಂಡಿವೆ. ಮೈಸೂರಿನಲ್ಲೇ ಕೊಳ್ಳಬೇಕೆಂಬ ಹಂಗು ಅವಕ್ಕಿಲ್ಲ. ನನಗೆ ಕಾಣುವ ಕಾರಣ ಕಾರ್ಖಾನೆಯ ಒಳಗಿನ ರೂಢಿ. ಮಸಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಅದು ಚರ್ಮದ ಉಪ್ಪಿನಂಶದೊಡನೆ ಸೇರಿ ಕಚ್ಚಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಉಳಿದದ್ದೇನು, ಎಷ್ಟು ಪಾಲು ಎಂಬುದು ಬೆರಳೆಣಿಕೆಯ ಜನರಿಗಷ್ಟೇ ಗೊತ್ತು. ಅಂಗಡಿಯಲ್ಲಿ ಈ ಮಸಿ ಸಿಗದು. ದುಡ್ಡು ಕೊಡುತ್ತೇನೆಂದರೂ ಚಿಲ್ಲರೆ ಗಿರಾಕಿಗೆ ಮಾರುವುದಿಲ್ಲ. ಸಿಕ್ಕಲ್ಲಿ ಸಿಗುವಂತಾದರೆ ಗುರುತಿಗೆ ಬೆಲೆಯೆಲ್ಲಿ? ಇನ್ನು ವಾಯಿದೆ. ಪೇಂಟು ನಾಲ್ಕು ದಿನ ತಡವಾದರೆ ಗೋಡೆ ಕಾದೀತು, ಮತದಾನದ ದಿನ ಕಾಯುವುದಿಲ್ಲ. 2024ರ ಲೋಕಸಭೆಗೆ ಹೋದದ್ದು ಇಪ್ಪತ್ತಾರು ಲಕ್ಷಕ್ಕೂ ಹೆಚ್ಚು ಬಾಟಲಿ. ಹತ್ತು ಮಿಲಿಲೀಟರಿನ ಒಂದು ಬಾಟಲಿ ಸುಮಾರು ಏಳುನೂರು ಮತದಾರರಿಗೆ ಸಾಕು.

2016ರ ನೋಟು ರದ್ದತಿಯ ವೇಳೆ ಹಳೆ ನೋಟು ಬದಲಿಸಲು ಬಂದವರ ಬೆರಳಿಗೂ ಬ್ಯಾಂಕುಗಳು ಇದನ್ನೇ ಹಚ್ಚತೊಡಗಿದಾಗ, ಉಪಚುನಾವಣೆ ಹತ್ತಿರವಿದ್ದ ಆಯೋಗ ಸುಮ್ಮನಿರಲಿಲ್ಲ, ಹಣಕಾಸು ಸಚಿವಾಲಯಕ್ಕೆ ಪತ್ರ ಬರೆಯಿತು. ತಮ್ಮ ಮಸಿ ಎಂಬ ಮಮತೆ ಕೊಳ್ಳುವವರಿಗೂ ಬಂದುಬಿಟ್ಟಿದೆ.

ಹೊರದೇಶದವರ ಪದ್ಧತಿಗಳೂ ಬೇರೆ ಬೇರೆ. ಕೆಲವರಿಗೆ ಬೆರಳನ್ನೇ ಅದ್ದುವಷ್ಟು ಬಾಯಗಲದ ಬಾಟಲಿ ಬೇಕು, ಕೆಲವರಿಗೆ ಬ್ರಷ್ಷು, ಇನ್ನು ಕೆಲವರಿಗೆ ಮಾರ್ಕರ್ ಪೆನ್ನು. ಕೇಳಿದ ಹಾಗೆ ಕಟ್ಟಿಕೊಡುತ್ತಾರೆ. ಒಳಗಿನ ಮಸಿಯ ಗುಟ್ಟನ್ನು ಮಾತ್ರ ಬಿಟ್ಟುಕೊಡುವುದಿಲ್ಲ.