ಲೇಖನ ಸಾಮಗ್ರಿಯ ಮಳಿಗೆ: ಗಿರಾಕಿಯ ಬೇಡಿಕೆಯೂ ಅಂಗಡಿಯ ಸಂಗ್ರಹವೂ

ಊರಿನ ಪ್ರೌಢಶಾಲೆಯ ಎದುರಿಗೆ ಹತ್ತಡಿ ಅಗಲದ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು, ಕೂಡಿಟ್ಟ ಹಣವನ್ನೆಲ್ಲ ನೋಟುಬುಕ್ಕು, ಪೆನ್ನು, ಪೆನ್ಸಿಲ್ಲುಗಳಿಗೆ ಸುರಿದು ಬದುಕು ಕಟ್ಟಿಕೊಳ್ಳಲು ಹೊರಟ ಗೃಹಸ್ಥರು ನಮ್ಮ ಸಮಾಜದಲ್ಲಿ ವಿರಳರಲ್ಲ. ಮಗನಿಗೆ ನೌಕರಿ ದೊರೆಯದಾಗ, ಮನೆಯೊಡತಿಗೆ ಸ್ವಂತ ದುಡಿಮೆಯೊಂದು ಬೇಕೆನಿಸಿದಾಗ ಮೊದಲು ನೆನಪಾಗುವ ಉದ್ಯೋಗವಿದು. ಈ ಸರಕು ಕಾಯಿಪಲ್ಲೆಯಂತೆ ಬಾಡದು, ಬಟ್ಟೆಯಂತೆ ಹಳೆಯದಾಗದು ಎಂಬುದು ಅವರ ನಂಬಿಕೆ. ಆ ನಂಬಿಕೆ ಅರ್ಧ ಮಾತ್ರ ನಿಜ. ಎರಡು ಮೂರು ವರ್ಷಗಳಲ್ಲಿಯೇ ಬಾಗಿಲು ಮುಚ್ಚಿದ ಇಂಥ ಅಂಗಡಿಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಸರಕಿಗೆ ಕೊರತೆಯಿರಲಿಲ್ಲ, ಕಪಾಟುಗಳು ತುಂಬಿದ್ದವು. ಗಿರಾಕಿ ಕೇಳಿದ್ದು ಮಾತ್ರ ಇರುತ್ತಿರಲಿಲ್ಲ.

ನೋಟುಬುಕ್ಕನ್ನೇ ನೋಡೋಣ. ಹೊರಗಿನಿಂದ ಎಲ್ಲವೂ ಒಂದೇ ಬಗೆ. ಬಿಚ್ಚಿದರೆ ಒಂದು ಗೆರೆಯದು, ಎರಡು ಗೆರೆಯದು, ನಾಲ್ಕು ಗೆರೆಯದು, ಗಣಿತಕ್ಕೆ ಚೌಕುಳಿಯದು, ಗೆರೆಯಿಲ್ಲದ್ದು ಎಂಬ ಭೇದಗಳು. ನಾಲ್ಕು ಗೆರೆ ಇಂಗ್ಲಿಷ್ ಅಕ್ಷರಗಳ ಏರಿಳಿತಕ್ಕಾಗಿ ಹುಟ್ಟಿದ್ದು. ಕನ್ನಡದ ಮೂಲಾಕ್ಷರಕ್ಕೆ ಎರಡು ಗೆರೆಗಳ ನಡುವಣ ಜಾಗ ಸಾಕು. ಆದರೆ ಒತ್ತಕ್ಷರ ಕೆಳಗಿಳಿಯುವುದರಿಂದ ಕೆಳಗೆ ಧಾರಾಳವಾದ ತೆರಪು ಬೇಕು. ತೆರಪು ಕಿರಿದಾದ ಪುಸ್ತಕದಲ್ಲಿ ಬರೆದ ಮಗುವಿನ ಒತ್ತುಗಳು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಗುರುಗಳು ಕೈಬರಹ ಕೆಟ್ಟಿತೆಂದು ಗದರುತ್ತಾರೆ, ಕೆಟ್ಟದ್ದು ಗೆರೆ. ಒಂದನೆಯ ತರಗತಿಯ ಮಗುವಿನ ತಾಯಿ ಎರಡು ಗೆರೆಯ ಪುಸ್ತಕ ಕೇಳಿದಾಗ 'ನಾಲ್ಕು ಗೆರೆಯದೇ ಒಯ್ಯಿರಿ, ನಡೆಯುತ್ತದೆ' ಎನ್ನುವ ಅಂಗಡಿಕಾರನು ಆ ಪುಸ್ತಕವೊಂದನ್ನೇ ಅಲ್ಲ, ಪಟ್ಟಿಯಲ್ಲಿದ್ದ ಉಳಿದೆಲ್ಲವನ್ನೂ ಪಕ್ಕದ ಅಂಗಡಿಗೆ ದಾಟಿಸಿದಂತಾಯಿತು.

ಆದುದರಿಂದ ಈ ಉದ್ಯೋಗ ಹಿಡಿದವರಿಗೆ ನಾವು ಮೊದಲು ಹೇಳುವುದಿಷ್ಟು: ಗಲ್ಲೆಯ ಪಕ್ಕದಲ್ಲಿ ಒಂದು ಕೈಪುಸ್ತಕವಿರಲಿ. ಅದರಲ್ಲಿ ಮಾರಿದ್ದನ್ನು ಬರೆಯುವುದು ಬೇಡ, 'ಇಲ್ಲ' ಎಂದು ಹೇಳಿ ಕಳಿಸಿದ್ದನ್ನು ಬರೆಯಬೇಕು. ಮಾರಿದ ಲೆಕ್ಕ ಬಿಲ್ಲಿನಲ್ಲಿ ಸಿಕ್ಕೀತು. ಬರಿಗೈಯಲ್ಲಿ ಮರಳಿದ ಗಿರಾಕಿಯ ಲೆಕ್ಕ ಎಲ್ಲಿಯೂ ಸಿಗದು. ಒಂದು ವಸ್ತುವನ್ನು ತಿಂಗಳಲ್ಲಿ ನಾಲ್ಕು ಜನ ಕೇಳಿದ್ದರೆ ತರಿಸಬೇಕು, ಒಬ್ಬರೇ ಕೇಳಿದ್ದರೆ ಕಾಯಬೇಕು. ಸಗಟು ವ್ಯಾಪಾರಿಯ ಪ್ರತಿನಿಧಿಯು ಇಪ್ಪತ್ತು ಬಗೆಯ ಪೆನ್ನುಗಳನ್ನು ಮೇಜಿನ ಮೇಲೆ ಹರಡಿ, ಇದಕ್ಕೆ ಇಷ್ಟು ರಿಯಾಯಿತಿ, ಅದಕ್ಕೆ ಇಷ್ಟು ಉಡುಗೊರೆ ಎಂದು ಹೊಗಳುವಾಗ ಆ ಕೈಪುಸ್ತಕವನ್ನೇ ತೆರೆಯುವುದು ಕ್ಷೇಮ. ರಿಯಾಯಿತಿಯಲ್ಲಿ ಕೊಂಡು ಮಾರಾಟವಾಗದೆ ಉಳಿದ ಪೆನ್ನಿಗಿಂತ ತುಟ್ಟಿಯಾದ ಪೆನ್ನು ಇನ್ನೊಂದಿಲ್ಲ.

ಬೇಡಿಕೆಗೂ ಋತುಮಾನವುಂಟು. ಜೂನ್ ತಿಂಗಳ ನೂಕುನುಗ್ಗಲು ಎಲ್ಲರಿಗೂ ಗೊತ್ತು. ಮೇ ತಿಂಗಳಲ್ಲಿಯೇ ಶಾಲೆಗಳಿಗೆ ಹೋಗಿ ತರಗತಿವಾರು ಪಟ್ಟಿ ಪಡೆಯುವವರು ಮಾತ್ರ ಕೆಲವರು. ದೀಪಾವಳಿಯ ಪಾಡ್ಯಕ್ಕೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಖಾತೆ-ಕಿರ್ದಿಯ ಪೂಜೆಯಿದೆ. ಲೆಕ್ಕವೆಲ್ಲ ಗಣಕಯಂತ್ರಕ್ಕೆ ಸೇರಿದ್ದರೂ ಪೂಜೆಗೆ ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕವೊಂದು ಬೇಕೇ ಬೇಕು. ಮೊದಲಿನಂತೆ ಡಜನುಗಟ್ಟಲೆ ತರಿಸಿದರೆ ಉಳಿಯುತ್ತವೆ. ತರಿಸದಿದ್ದರೆ ಹಳೆಯ ಗಿರಾಕಿಗಳು ನೊಂದುಕೊಳ್ಳುತ್ತಾರೆ. ಫೆಬ್ರುವರಿಯಲ್ಲಿ ಪರೀಕ್ಷೆಯ ರಟ್ಟು, ಗ್ರಾಫ್ ಹಾಳೆ; ಮಾರ್ಚ್ ಕೊನೆಗೆ ಸಹಕಾರಿ ಸಂಘಗಳ ಫೈಲು, ದಾರ.

ಕಾಗದದ ವಿಷಯದಲ್ಲಿ ಮೋಸಹೋಗುವುದು ಸುಲಭ, ಪರೀಕ್ಷಿಸುವುದು ಅದಕ್ಕಿಂತ ಸುಲಭ. ಕಟ್ಟಿನ ಮೇಲೆ ಬರೆದಿರುವ ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರು ಕಾಗದದ ತೂಕ, ಗ್ರಾಂಗಳಲ್ಲಿ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ; ಅಂಥ 16 ಹಾಳೆಗಳು ಸೇರಿದರೆ ಒಂದು ಚದರ ಮೀಟರು. ಹೀಗಾಗಿ 80 ಜಿ.ಎಸ್.ಎಂ. ಹಾಳೆಯೊಂದು 5 ಗ್ರಾಂ ತೂಗಬೇಕು, 500 ಹಾಳೆಗಳ ರೀಮು ಎರಡೂವರೆ ಕಿಲೋ. 70ರದಾದರೆ ಸುಮಾರು 2 ಕಿಲೋ 180 ಗ್ರಾಂ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯೇ ಸಾಕು.

ಸರಕು ಕೆಡುವುದಿಲ್ಲವೆಂಬ ಭ್ರಮೆಯನ್ನೂ ಬಿಡಬೇಕು. ಅಂಟು ಒಣಗುತ್ತದೆ, ಸ್ಕೆಚ್ ಪೆನ್ನಿನ ಬಣ್ಣ ಆರುತ್ತದೆ, ಪ್ಲಾಸ್ಟಿಕ್ ರಬ್ಬರು ಬೇಸಿಗೆಯಲ್ಲಿ ಸ್ಕೇಲಿಗೆ ಕಚ್ಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಕಾಗದ ತೇವ ಹೀರಿ ಮುರುಟುತ್ತದೆ. ಮಠದಲ್ಲಿ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ, ಧೂಳು ಝಾಡಿಸಿ, ಮತ್ತೆ ಕಟ್ಟಿ ಬೆಳೆದ ನಮಗೆ ಗೊತ್ತಿರುವುದಿಷ್ಟು: ಗೋಡೆಗೆ ತಾಗಿಸಿ, ನೆಲದ ಮೇಲೆ ಇಟ್ಟದ್ದು ಗೆದ್ದಲಿಗೆ ಮೀಸಲು. ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಬೇಕು. ಮೊದಲು ಬಂದದ್ದು ಮೊದಲು ಹೋಗಬೇಕು. ಹೊಸ ಕಟ್ಟನ್ನು ಹಳೆಯದರ ಹಿಂದೆ ಜೋಡಿಸುವ ಶ್ರಮವನ್ನು ಹುಡುಗರು ತಪ್ಪಿಸದಂತೆ ನೋಡಿಕೊಳ್ಳಬೇಕು.

ದರದ ವಿಚಾರದಲ್ಲಿ ಗಿರಾಕಿಗಳು ಈಗ ಜಾಣರು. 2025ರ ಸೆಪ್ಟೆಂಬರ್ 22ರಿಂದ ನೋಟುಬುಕ್ಕು, ಪೆನ್ಸಿಲ್ಲು, ರಬ್ಬರು, ಕ್ರೇಯಾನು, ಭೂಪಟಗಳ ಮೇಲಿನ ಜಿ.ಎಸ್.ಟಿ. ಪೂರ್ತಿ ತೆಗೆಯಲ್ಪಟ್ಟಿತು, ಕಂಪಾಸು ಪೆಟ್ಟಿಗೆಯದು ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ಬೆಲೆ ಮುದ್ರಿಸಿದ ಸರಕು ಮೂಲೆಯಲ್ಲಿ ಉಳಿದಿದ್ದರೆ, ಕೇಳುವ ಮೊದಲೇ ಇಳಿಸಿ ಕೊಟ್ಟರೆ ಮರ್ಯಾದೆ ಉಳಿಯುತ್ತದೆ.

ಮಿಣುಗುವ ಪೆಟ್ಟಿಗೆ, ಗೊಂಬೆ ತಲೆಯ ಪೆನ್ಸಿಲ್ಲುಗಳ ಬಗ್ಗೆ ನಮಗೆ ಒಲವಿಲ್ಲ. ಆದರೂ ಮಕ್ಕಳ ಹುಟ್ಟುಹಬ್ಬದ ಉಡುಗೊರೆಗೆಂದು ಕೇಳುವವರಿದ್ದಾರೆ, ನಾಲ್ಕಾರು ಇರಲಿ. ಅವನ್ನು ಮುಂಭಾಗದ ಗಾಜಿನಲ್ಲಿ ಇಟ್ಟು ಮಕ್ಕಳನ್ನು ಅಳಿಸುವುದು ಮಾತ್ರ ಬೇಡ. ಮುಂಭಾಗದಲ್ಲಿ ಬಿಡಿ ಸರಕು ಇರಲಿ: ಒಂದೇ ರೀಫಿಲ್ಲು, ಒಂದೇ ಪೆನ್ಸಿಲ್ಲು, ಒಂದೇ ಡ್ರಾಯಿಂಗ್ ಹಾಳೆ. ಇಡೀ ಡಬ್ಬಿ ಕೊಂಡರೆ ಮಾತ್ರ ಕೊಡುತ್ತೇವೆಂದು ಪ್ರಸಾದ ನಿಲಯದ ಹುಡುಗನನ್ನು ಹಿಂದೆ ಕಳಿಸುವ ಅಂಗಡಿಗಳಿವೆ. ಐದು ರೂಪಾಯಿ ಹಿಡಿದು ಬಂದ ಆ ಹುಡುಗ ದಿನವೂ ಬರುವವನು; ಡಬ್ಬಿ ಕೊಳ್ಳುವ ಶ್ರೀಮಂತರು ಪೇಟೆಯ ದೊಡ್ಡ ಮಳಿಗೆಗೆ ಹೋಗುತ್ತಾರೆ, ಇಲ್ಲವೆ ಫೋನಿನಲ್ಲಿಯೇ ಮನೆಗೆ ತರಿಸಿಕೊಳ್ಳುತ್ತಾರೆ.